ಎಂಎಸ್-64 ಅಂತ ಬರೆದ ಡಬ್ಬಿ ನಂಬಿ ಕೆಟ್ಟೆ. ನಾಣ್ಯ ಗ್ರೇಡಿಂಗ್ ಮಾಡಿಸುವವರು ಓದಿ

ಬೆಳಗಾವಿ ಕಡೆ ಹಳೇ ನಾಣ್ಯ ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ಗ್ರೇಡಿಂಗ್ ಅಂದರೆ ನಾಣ್ಯದ ಸ್ಥಿತಿ ನೋಡಿ ಅಂಕ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡೋದು. ಎಂಎಸ್-64 (ಎಂಎಸ್ ಅಂದರೆ ಮಿಂಟ್ ಸ್ಟೇಟ್) ಅಂಥ ಒಂದು ಅಂಕ. ಬರೆಯೋಕೆ ನಾಚಿಕೆ ಆಗುತ್ತಿದೆ. ಒಂಬತ್ತೂವರೆ ಸಾವಿರ ರೂಪಾಯಿ ಹೋಯಿತು, ಅದು ಒಂದು ಕಡೆ. ನಾನು ಟಿಳಕವಾಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ದಿನಾ ಸರ್ಟಿಫಿಕೇಟ್ ಪ್ರಿಂಟ್ ಹಾಕ್ತೀನಿ, ಲ್ಯಾಮಿನೇಶನ್ ಮಾಡ್ತೀನಿ. ಹೊಳೆಯುವ ಹೋಲೋಗ್ರಾಂ ಸ್ಟಿಕ್ಕರ್ ರೋಲ್‌ಗಟ್ಟಲೆ ತರಿಸಿ ಕೋಚಿಂಗ್ ಕ್ಲಾಸಿನವರಿಗೆ ಮಾರಿದ್ದೇನೆ. ಅಂಥವನು ಡಬ್ಬಿ ಮೇಲಿನ ಒಂದು ಹೋಲೋಗ್ರಾಂ ನೋಡಿ ಬಾಯಿ ಮುಚ್ಚಿಕೊಂಡು ನಂಬಿದೆ!

ನನ್ನ ಹತ್ತಿರ 1911ರ ಒಂದು ಬೆಳ್ಳಿ ರೂಪಾಯಿ ಇದೆ. ಆಯಿ ಕೊಟ್ಟಿದ್ದು. ಹವ್ಯಾಸ ಇರುವವರಿಗೆ ಗೊತ್ತೇ ಇರುತ್ತೆ, ಹಂದಿ ರೂಪಾಯಿ ಅಂತಾರಲ್ಲ, ಅದು. ಐದನೇ ಜಾರ್ಜ್ ರಾಜನ ನಿಲುವಂಗಿ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಗಿಡ್ಡ, ಕಾಲೂ ಗಿಡ್ಡ, ನೋಡಿದರೆ ಹಂದಿ ಥರ ಕಾಣುತ್ತೆ. ಜನ ಗಲಾಟೆ ಮಾಡಿದರು, ಸರ್ಕಾರ ಅದನ್ನು ಹಿಂದಕ್ಕೆ ತಗೊಂಡು 1912ರಲ್ಲಿ ಆನೆ ತಿದ್ದಿ ಹೊಸದು ಹೊಡೆಸಿತು. ಅದಕ್ಕೇ ಈ ಒಂದು ವರ್ಷದ್ದಕ್ಕೆ ಗಿರಾಕಿ ಜಾಸ್ತಿ. ಇದರ ಜೊತೆ 1862ರ ವಿಕ್ಟೋರಿಯಾ ರೂಪಾಯಿ ಒಂದು, ಬಾಗಲಕೋಟೆ ಸಂತೆಯಲ್ಲಿ ಕೊಂಡಿದ್ದು. ಇನ್ನೊಂದು 1919ರದು, ಅದು ಎಲ್ಲಾ ಕಡೆ ಸಿಗುವಂಥದ್ದು.

ಮಗಳ ಕಾಲೇಜ್ ಫೀ ಬಂತು, ಮಾರೋಣ ಅಂದುಕೊಂಡೆ. ಕೇಳಿದವರೆಲ್ಲ ಒಂದೇ ಮಾತು: ಗ್ರೇಡಿಂಗ್ ಮಾಡಿಸು, ಡಬ್ಬಿಯಲ್ಲಿದ್ದರೆ ಬೆಲೆ. ಆಗ ಸಿಕ್ಕವನು ಈ ಏಜೆಂಟ್.

ಮಾತು ಬೆಣ್ಣೆ. ಪಿಸಿಜಿಎಸ್, ಎನ್‌ಜಿಸಿ ಎರಡರ ಬಗ್ಗೆಯೂ ಅರ್ಧ ಗಂಟೆ ಹೇಳಿದ. ಎರಡೂ ಅಮೆರಿಕದ ಗ್ರೇಡಿಂಗ್ ಕಂಪನಿಗಳು, ಒಂದು 1986ರಲ್ಲಿ ಶುರುವಾಗಿದ್ದು, ಇನ್ನೊಂದು 1987ರಲ್ಲಿ. ಒಂದರಿಂದ ಎಪ್ಪತ್ತರವರೆಗೆ ಅಂಕ, ಅರವತ್ತರಿಂದ ಮೇಲೆ ಬಂದರೆ ನಾಣ್ಯ ಕೈಯಿಂದ ಕೈಗೆ ಓಡಾಡಿಲ್ಲ ಅಂತ ಅರ್ಥ. ಇದೆಲ್ಲ ನಿಜಾನೇ. ಆಮೇಲೆ ಮೆಲ್ಲಗೆ ತನ್ನ ಸಾಮಾನು ತೆಗೆದ. "ಅಮೆರಿಕಾದವ್ರು ಡಾಲರ್‌ದಾಗ ರೊಕ್ಕ ತಗೋತಾರ್ರಿ ಸರ. ತಿಂಗಳುಗಟ್ಟಲೆ ಕಾಯಬೇಕು. ನಮ್ಮದೂ ಅದೇ ಎಪ್ಪತ್ತರ ಅಳತಿ, ಅದೇ ಡಬ್ಬಿ. ಫರಕ್ ಏನೂ ಇಲ್ರಿ." ಒಂದಕ್ಕೆ 2,800. ಮೂರಕ್ಕೆ 8,400. ಕೊರಿಯರ್, ಇನ್ಶೂರೆನ್ಸ್ ಅಂತ ಮತ್ತೆ 1,100. ಕೊಟ್ಟೆ. ರಸೀದಿ ಕೇಳಿದ್ದಕ್ಕೆ ವಾಟ್ಸಾಪ್ ಮೆಸೇಜೇ ರಸೀದಿ ಅಂದ. ಅಲ್ಲೇ ಎದ್ದು ಬರಬೇಕಿತ್ತು.

ಹನ್ನೆರಡು ದಿನಕ್ಕೆ ಡಬ್ಬಿಗಳು ಬಂದವು. ಹಂದಿ ರೂಪಾಯಿಗೆ ಎಂಎಸ್-64! ವಿಕ್ಟೋರಿಯಾಗೆ 62. 1919ರದಕ್ಕೂ 63. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ, ಬೀಗರಿಗೂ ಫೋಟೋ ಕಳಿಸಿದೆ. ಬಾರ್‌ಕೋಡ್ ಇತ್ತು, ನಂಬರ್ ಇತ್ತು. ನಂಬರ್ ಹಾಕಿದರೆ ವೆಬ್‌ಸೈಟ್ ತೆರೆಯುತ್ತಿತ್ತು. ಆ ವೆಬ್‌ಸೈಟ್ ಯಾರದು? ಅವನದೇ. ಅವನೇ ಬರೆದದ್ದನ್ನು ಅವನೇ ಹೌದು ಅಂತಿದ್ದ. ಇದು ಆಗ ತಲೆಗೆ ಹೋಗಲೇ ಇಲ್ಲ.

ಆಮೇಲೆ ಹುಬ್ಬಳ್ಳಿಯಲ್ಲಿ ನಾಣ್ಯ ಪ್ರದರ್ಶನ ಇತ್ತು, ತಗೊಂಡು ಹೋದೆ. ಒಬ್ಬ ವಯಸ್ಸಾದ ವ್ಯಾಪಾರಿ, ಕೊರಳಲ್ಲಿ ಭೂತಗನ್ನಡಿ ನೇತು ಹಾಕಿಕೊಂಡಿದ್ದರು. ಡಬ್ಬಿ ತಗೊಂಡರು, ಲೇಬಲ್ ಓದಲೇ ಇಲ್ಲ. ಟೇಬಲ್ ಲೈಟಿನ ಕೆಳಗೆ ಹಿಡಿದು ಆ ಕಡೆ ಈ ಕಡೆ ಓರೆ ಮಾಡಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು:

"ಇದನ್ನ ಯಾರು ತೊಳದ್ರು, ತಮ್ಮಾ?"

ನನಗೆ ನಾಲಿಗೆ ಬರಲಿಲ್ಲ. ಯಾಕಂದ್ರೆ ತೊಳೆದಿದ್ದು ನಿಜ. ಪ್ರತಿ ದೀಪಾವಳಿಗೆ ಅವ್ವ ಲಕ್ಷ್ಮೀ ಪೂಜೆಗೆ ಅದನ್ನು ಇಡ್ತಾಳೆ. ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ ಲಕಲಕ ಮಾಡಿ ಇಡ್ತಾಳೆ. ಮೂವತ್ತು ವರ್ಷದಿಂದ.

ಅವರು ಭೂತಗನ್ನಡಿ ನನಗೇ ಕೊಟ್ಟರು. ನೋಡಿದೆ. ರಾಜನ ಕೆನ್ನೆ ಮೇಲೆ, ಸುತ್ತಲಿನ ಬಯಲಲ್ಲಿ, ಕೂದಲೆಳೆಯಂಥ ಗೀರುಗಳು, ಎಲ್ಲಾ ಒಂದೇ ಕಡೆಗೆ. ತಿಕ್ಕಿದ ಕಡೆಗೆ. ಓಡಾಡದ, ತೊಳೆಯದ ನಾಣ್ಯವನ್ನು ಓರೆ ಮಾಡಿದರೆ ಬೆಳಕು ಚಕ್ರದ ಥರ ಸುತ್ತುತ್ತೆ ಅಂತ ಇನ್ನೊಂದನ್ನು ತೆಗೆದು ತೋರಿಸಿದರು. ನನ್ನದರಲ್ಲಿ ಸುತ್ತಲಿಲ್ಲ. ಸ್ಟೀಲ್ ತಟ್ಟೆ ಹೊಳೆದ ಹಾಗೆ ಸತ್ತ ಹೊಳಪು. ಗಡ್ಡ ಬೇರೆ ಸವೆದಿದೆ. ಸರಿಯಾದ ಕಂಪನಿ ಆಗಿದ್ದರೆ ಇಂಥದ್ದಕ್ಕೆ ಅಂಕ ಹಾಕೋದೇ ಇಲ್ಲವಂತೆ. ‘ಡೀಟೇಲ್ಸ್’ ಅಂತ ಬರೆದು, ತೊಳೆದದ್ದು ಅಂತ ಕಾರಣ ಹಾಕಿ ವಾಪಸ್ ಕೊಡ್ತಾರೆ. ನಾನು ಯಾವ 64 ನೋಡಿ ಕುಣಿದಾಡಿದ್ದೆನೋ ಅದೇ ಮೋಸಕ್ಕೆ ಸಾಕ್ಷಿ ಆಗಿತ್ತು.

ಬೆಳಗಾವಿಗೆ ಬಂದವನೇ ಕಟಿಂಗ್ ಪ್ಲೇಯರ್ ತಗೊಂಡು ಡಬ್ಬಿ ಒಡೆದೆ. ಸಿಟ್ಟಿನಲ್ಲಿ ಒಡೆದೆ, ಇದು ನನ್ನ ಎರಡನೇ ತಪ್ಪು. ಶಹಾಪುರದಲ್ಲಿ ಗುರುತಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ಮೂರನ್ನೂ ಇಟ್ಟೆವು. ಈ ರೂಪಾಯಿ 11.66 ಗ್ರಾಂ ಇರಬೇಕು. ಹಂದಿ ರೂಪಾಯಿ 11.5, ಸವೆದಿದೆ, ಆದರೆ ಅಸಲಿ. ವಿಕ್ಟೋರಿಯಾ 10.3! ಓಡಾಡದ ನಾಣ್ಯ, 62 ಅಂತ ಬರೆದಿದ್ದಾನಲ್ಲ ಪುಣ್ಯಾತ್ಮ, ಹಾಗಾದರೆ ಒಂದು ಗ್ರಾಂಗಿಂತ ಜಾಸ್ತಿ ತೂಕ ಎಲ್ಲಿ ಹೋಯಿತು? ಅಂಚು ನೋಡಿ ಅಕ್ಕಸಾಲಿಗರು ನಕ್ಕರು, ಅಚ್ಚಿಗೆ ಹೊಯ್ದ ನಕಲಿ ಅಂದರು. ಅಂದರೆ ಆ ಏಜೆಂಟ್ ತೂಕ ಸಹ ಮಾಡಿರಲಿಲ್ಲ. 2,800 ತಗೊಂಡವನು ತಕ್ಕಡಿ ಮೇಲೆ ಒಂದು ಸಲ ಇಟ್ಟಿರಲಿಲ್ಲ.

ಅವನಿಗೆ ವಾಟ್ಸಾಪ್ ಮಾಡಿದೆ. ಅವನ ಉತ್ತರಗಳನ್ನು ಹೇಗಿದ್ದವೋ ಹಾಗೇ ಹಾಕ್ತೀನಿ.

ಮೊದಲನೇ ದಿನ: "ಗ್ರೇಡಿಂಗ್ ಅಂದ್ರ ಒಂದು ಅಭಿಪ್ರಾಯ ಅಷ್ಟರೀ ಸರ. ಒಬ್ಬೊಬ್ಬರ ಕಣ್ಣು ಒಂದೊಂದು ಥರ."

ತೂಕವೂ ಅಭಿಪ್ರಾಯವೇನ್ರೀ ಅಂತ ಕೇಳಿದೆ. ಎರಡು ದಿನ ಸುದ್ದಿ ಇಲ್ಲ.

ಮೂರನೇ ದಿನ: "ಡಬ್ಬಿ ಒಡದೀರಿ ಅಂದ್ರ ಗ್ಯಾರಂಟಿ ಹೋತ್ರಿ. ಒಡದ ಮ್ಯಾಲೆ ನೀವು ನಾಣ್ಯ ಬದಲಿ ಮಾಡಿಲ್ಲ ಅಂತ ನಮಗ ಹೆಂಗ ಗೊತ್ತಾಗಬೇಕು?"

ಇದನ್ನು ಓದಿ ಕೈ ನಡುಗಿತು. ನನ್ನನ್ನೇ ಕಳ್ಳ ಅಂದ!

ಆಮೇಲೆ ಬಂದಿದ್ದು ನೋಡಿ: "ಬ್ಯಾಡಂದ್ರ ಬಿಡ್ರಿ ಸರ, 1911ರದ್ದು ನಾನೇ ತಗೋತೀನಿ. ತೊಳದ ಮಾಲು, ಬೆಳ್ಳಿ ರೇಟ್ ಕೊಡ್ತೀನಿ." ಡಬ್ಬಿ ಮೇಲೆ ಎಂಎಸ್-64 ಬರೆದ ಬಾಯಿಂದಲೇ ತೊಳೆದ ಮಾಲು! ಅಳೆಯುವವನೂ ಅವನೇ, ಕೊಳ್ಳುವವನೂ ಅವನೇ. ಆಗ ಪೂರ್ತಿ ಅರ್ಥ ಆಯಿತು.

ಇನ್ನೊಂದು. ಸರಿ, ಅಮೆರಿಕಕ್ಕೇ ಕಳಿಸಬೇಕಿತ್ತು ಅಂತ ಒಬ್ಬರ ಹತ್ತಿರ ಹೇಳಿದ್ದಕ್ಕೆ ಅವರು ಬೈದರು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆ ಕೆಳಗೆ ಬರುತ್ತೆ, ಸರ್ಕಾರದ ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸೋ ಹಾಗಿಲ್ಲ. ನನ್ನ ಮೂರೂ ನೂರು ದಾಟಿದವು. "ಬೇಕಿದ್ರ ಅಲ್ಲಿಗೂ ಕಳಸ್ತೀನ್ರಿ, ಕೊರಿಯರ್‌ದಾಗ ಹಾಕಿದ್ರ ಆತು" ಅಂತ ಇದೇ ಏಜೆಂಟ್ ಹೇಳಿದ್ದ. ಸದ್ಯ, ಅದೊಂದು ಮಾಡಲಿಲ್ಲ.

ಆದ್ದರಿಂದ ಅಣ್ಣಾರ, ಅಕ್ಕಾರ, ನಾಣ್ಯವನ್ನು ಮೊದಲು ತಕ್ಕಡಿಗೆ ಹಾಕಿ, ಆಮೇಲೆ ಯಾರಿಗಾದರೂ ಕೊಡಿ. ಗ್ರೇಡ್ ಹಾಕುವವನು ನಾಣ್ಯ ಮಾರೋದು ಕೊಳ್ಳೋದು ಮಾಡ್ತಿದ್ದರೆ ಅವನ ಡಬ್ಬಿ ಬೇಡ. ಅವನ ಡಬ್ಬಿಯನ್ನು ಬೇರೆ ವ್ಯಾಪಾರಿಗಳು ಅದೇ ಬೆಲೆಗೆ ಒಪ್ತಾರಾ ಅಂತ ಇಬ್ಬರು ಮೂವರನ್ನು ಕೇಳಿ, ನಾನು ಒಬ್ಬರನ್ನೂ ಕೇಳಿರಲಿಲ್ಲ. ಕೊಟ್ಟ ಎಲ್ಲದಕ್ಕೂ ಅರವತ್ತರ ಮೇಲೆ ಬಂದರೆ ಖುಷಿ ಪಡಬೇಡಿ. ಡಬ್ಬಿ ಒಡೆಯೋ ಮುಂಚೆ ವಿಡಿಯೋ ಮಾಡಿಕೊಳ್ಳಿ. ಮತ್ತೆ ಮನೆಯಲ್ಲಿ ಯಾರಿಗೂ ತಿಕ್ಕೋಕೆ ಕೊಡಬೇಡಿ. ಅವ್ವನಿಗೆ ಹೇಳಿದೆ, "ಕರ್ರಗಿದ್ದದ್ದನ್ನ ಲಕ್ಷ್ಮೀ ಮುಂದ ಇಡ್ಲೇನೊ?" ಅಂತ ನನಗೇ ಜಬರಿಸಿದಳು.

ದುಡ್ಡು ವಾಪಸ್ ಬಂದರೆ ಇಲ್ಲೇ ಬರೆಯುತ್ತೇನೆ. ಬರುವ ಲಕ್ಷಣ ಇಲ್ಲ. ನಿನ್ನೆ ರಾತ್ರಿಯಿಂದ ಅವನ ಡಿಪಿ ಕಾಣಿಸುತ್ತಿಲ್ಲ, ಮೆಸೇಜಿಗೆ ಒಂದೇ ಟಿಕ್ ಬರುತ್ತಿದೆ.