ಶಿಕ್ಷೆ ತೀರಾ ಕಡಿಮೆಯಾಯಿತೇ? ಸರ್ಕಾರದ ಮೇಲ್ಮನವಿಯೋ, ನಿಮ್ಮದೇ ರಿವಿಷನ್ ಅರ್ಜಿಯೋ

ಹೆಂಡತಿಯ ಕೈ ಮುರಿದವನಿಗೆ ಆರೇ ತಿಂಗಳು ಸಜೆ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಶಿಕ್ಷೆ ಹೆಚ್ಚಿಸಿ ಎಂದು ಸಂತ್ರಸ್ತೆಯೇ ಮೇಲ್ಮನವಿ ಹಾಕುವಂತಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದೇ ಹೇಳಿದೆ. ಅವನು ಖುಲಾಸೆಯಾಗಿದ್ದರೆ ಹಾಕಬಹುದಿತ್ತು, ಇದೆಂಥ ವಿಚಿತ್ರವೋ!

ಸರ್ಕಾರದ ಮೇಲ್ಮನವಿ: ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಕಲಂ 418ರ ದಾರಿ. ಖರ್ಚು ಸರ್ಕಾರದ್ದು. ಅತ್ಯಾಚಾರ ಪ್ರಕರಣವಾದರೆ ಆರು ತಿಂಗಳಲ್ಲಿ ಮುಗಿಸಬೇಕೆಂಬ ನಿಯಮವೂ ಇದೆ. ಆದರೆ ಹಾಕುವುದು, ಬಿಡುವುದು ಅವರ ಮರ್ಜಿ. ಕಡತ ಮೇಜಿನಿಂದ ಮೇಜಿಗೆ ತೆವಳುತ್ತದೆ. ಅಪರಾಧಿ ಅಲ್ಲಿಯೇ ಖುಲಾಸೆಯನ್ನೂ ಕೇಳಬಹುದು.

ರಿವಿಷನ್: ಕೆಳ ನ್ಯಾಯಾಲಯದ ಆದೇಶ ಸರಿಯೇ ಎಂದು ಪರಿಶೀಲಿಸಲು ಮೇಲಿನ ನ್ಯಾಯಾಲಯವನ್ನು ಕೋರುವ ಅರ್ಜಿ. ನೀವೇ 90 ದಿನಗಳೊಳಗೆ ಸಲ್ಲಿಸಬಹುದು. ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಆದರೆ ಮಧ್ಯಪ್ರವೇಶಿಸುವುದು ನ್ಯಾಯಾಲಯದ ವಿವೇಚನೆ.

ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು ತಿಂಗಳಾದರೂ ಸುಳಿವಿಲ್ಲದಿದ್ದರೆ ಕಾಯದೆ ರಿವಿಷನ್ ಹಾಕಿ.