ನಿದ್ದೆಗೆ ಗಮ್ಮಿಯೋ, ಗಡಿಯಾರವೋ?

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಗಡಿಯಾರ. ಗಮ್ಮಿ ಅಂದರೆ ನಿದ್ದೆಗೆಂದು ಮಾರುವ, ಮಿಠಾಯಿಯಂಥ ಮೆತ್ತನೆಯ ಗುಳಿಗೆ. 799 ರೂಪಾಯಿ ಕೊಟ್ಟು ತರಿಸಿದ ಮೆಲಟೋನಿನ್ ಗಮ್ಮಿ ಡಬ್ಬಿಯಲ್ಲಿ ಇನ್ನೂ ಹದಿನೇಳು ಉಳಿದಿವೆ. ರುಚಿ ಥೇಟ್ ಪೆಪ್ಪರಮೆಂಟಿನ ಹಾಗಿದೆ. ಅದಕ್ಕೇ ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಟ್ಟಿದ್ದೇನೆ.

ಗಮ್ಮಿಯಿಂದ ನಿದ್ದೆಯೇ ಬರಲಿಲ್ಲ ಅಂತಲ್ಲ, ಬಂದ ಹೊತ್ತು ಸರಿ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ತಿಂದು ಹನ್ನೆರಡೂವರೆವರೆಗೆ ಫ್ಯಾನ್ ನೋಡುತ್ತಾ ಬಿದ್ದಿರುತ್ತಿದ್ದೆ. ಮರುದಿನ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕಣ್ಣು ಎಳೆಯುತ್ತಿತ್ತು. ಒಂದು ದಿನ ಟೋಲ್ ನಾಕಾದಲ್ಲಿ ಇಳಿಯಬೇಕಾದವನಿಗೆ ಎಚ್ಚರವಾಗಿದ್ದು ಜ್ಯುಬಿಲಿ ಸರ್ಕಲ್‌ನಲ್ಲಿ! ಆಮೇಲೆ ಓದಿ ತಿಳಿದುಕೊಂಡೆ. ಮೆಲಟೋನಿನ್ ಅಂದರೆ ಕತ್ತಲಾದ ಮೇಲೆ ನಮ್ಮ ಮಿದುಳೇ ಮಾಡಿಕೊಳ್ಳುವ ಹಾರ್ಮೋನು. 'ರಾತ್ರಿ ಆಯ್ತು' ಅಂತ ಮೈಗೆ ಡಂಗುರ ಸಾರೋದು ಅದರ ಕೆಲಸ. ನಾನೋ, ಗಮ್ಮಿ ಚೀಪುತ್ತಲೇ ಮೊಬೈಲ್ ಬೆಳಕನ್ನು ಕಣ್ಣಿಗೆ ಹಿಡಿದುಕೊಂಡಿದ್ದೆ. ಇನ್ನೊಂದು ವಿಷಯ: 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷೆ ಮಾಡಿದರೆ, 22ರಲ್ಲಿ ಲೇಬಲ್‌ಗೂ ಒಳಗಿನ ಪ್ರಮಾಣಕ್ಕೂ ತಾಳೆಯೇ ಆಗಲಿಲ್ಲ. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ.

ಇನ್ನು ಎರಡನೇ ದಾರಿ. ಮೊಬೈಲ್ ಪಡಸಾಲೆಯಲ್ಲಿ, ನಾನು ಕೋಣೆಯಲ್ಲಿ. ಮಲಗೋದು ಎಷ್ಟೊತ್ತಿಗೇ ಆಗಲಿ, ಏಳೋದು ಮಾತ್ರ ದಿನಾ ಆರಕ್ಕೆ. ಮೊಬೈಲ್ ಹೊರಗಿಟ್ಟರೆ ಅಲಾರಂ? ದುರ್ಗದಬೈಲಿಗೆ ಹೋಗಿ 350 ರೂಪಾಯಿಗೆ ಒಂದು ಗಡಿಯಾರ ತಂದೆ. ತೊಂದರೆ ಶುರುವಾಗಿದ್ದೇ ಅಲ್ಲಿ.

ಅಂಗಡಿಯ ಗದ್ದಲದಲ್ಲಿ ಕೇಳಿಸದ ಟಿಕ್ ಟಿಕ್, ರಾತ್ರಿ ಲೈಟ್ ಆರಿಸಿದ ಮೇಲೆ ಸುತ್ತಿಗೆ ಏಟಿನ ಹಾಗೆ ಕೇಳಿಸತೊಡಗಿತು. ನಿದ್ದೆ ಬಿಟ್ಟು ಟಿಕ್ ಎಣಿಸುತ್ತಾ ಮಲಗಿದೆ. ಟವೆಲ್ ಸುತ್ತಿದೆ, ಜಗ್ಗಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹಾಕಿದೆ, ಇನ್ನೂ ಜೋರಾಯಿತು. "ರೀ, ಗಡಿಯಾರ ತಂದೀರೋ, ಬಡಿಗ್ಯಾನ್ನ ಕರ್ಕೊಂಡ್ ಬಂದೀರೋ?" ಅಂತ ಕತ್ತಲಲ್ಲೇ ಹೆಂಡತಿಯ ಪ್ರಶ್ನೆ.

ಮೂರನೇ ರಾತ್ರಿ ಅಡುಗೆಮನೆಗೆ ಸಾಗಿಸಿದೆ, ರೊಟ್ಟಿ ಬುಟ್ಟಿಯ ಪಕ್ಕ. ಟಿಕ್ ಟಿಕ್ ಏನೋ ನಿಂತಿತು. ಆದರೆ ಆರಕ್ಕೆ ಗಂಟೆ ಬಡಿದಾಗ ಎದ್ದಿದ್ದು ನಾನಲ್ಲ, ಅಡುಗೆಮನೆ ಪಕ್ಕದ ಕೋಣೆಯ ಅವ್ವ. ಆರಿಸೋದು ಹೇಗೆ ಅಂತ ಗೊತ್ತಾಗದೆ ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ಮುಳ್ಳಿನ ಸಂದಿಯಲ್ಲೆಲ್ಲ ಜೋಳದ ಹಿಟ್ಟು.

ಒರೆಸಿಕೊಂಡು ವಾಪಸ್ ಒಯ್ದೆ. ಅಂಗಡಿಯವರು ನಕ್ಕು, "ಇದು ಟಿಕ್ ಅನ್ನಂಗಿಲ್ರೀ, ಮುಳ್ಳು ಸುಮ್ನೆ ಜಾರ್ತೈತಿ" ಅಂತ ಬೇರೆ ಕೊಟ್ಟರು. 150 ರೂಪಾಯಿ ಜಾಸ್ತಿ. ನೀವು ತರೋದಾದರೆ ಅಂಗಡಿಯಲ್ಲೇ ಕಿವಿಗೆ ಹಿಡಿದು ನೋಡಿ. ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರ ಇಡಿ, ಕೈ ಚಾಚಿ ಆರಿಸೋ ಹಾಗಿರಬಾರದು.

ಎದ್ದ ಮೇಲೆ ಉಣಕಲ್ ಕೆರೆಗೆ ಒಂದು ಸುತ್ತು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ರಾತ್ರಿಯ ನಿದ್ದೆಗೆ ಆಗಲೇ ಮುಹೂರ್ತ ಇಡುತ್ತದೆ. ಎರಡನೇ ವಾರದಿಂದ ಹತ್ತೂವರೆಗೆ ತಾನಾಗಿಯೇ ಆಕಳಿಕೆ.

ಕಷ್ಟವಾಗಿದ್ದು ಸಂಜೆಯ ಚಹಾ. ಕುಡಿದು ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಹಾಗಾಗಿ ಮಧ್ಯಾಹ್ನ ಎರಡರ ಮೇಲೆ ಬಂದ್. ಚಹಾ ಇಲ್ಲದೆ ಗಿರಮಿಟ್-ಮಿರ್ಚಿ ತಿನ್ನೋದು ಎಂಥ ಶಿಕ್ಷೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಶನಿವಾರ ಮಾತ್ರ ಈ ನೇಮ ತಪ್ಪುತ್ತದೆ. ಅವತ್ತು ನಿದ್ದೆ ಬರೋದು ರಾತ್ರಿ ಒಂದು ಗಂಟೆಗೆ.

ಅರಿಶಿನ ಹಾಲು: ಕುಡಿದೆ, ಚೆನ್ನಾಗಿತ್ತು, ನಿದ್ದೆಯಲ್ಲಿ ಫರಕೇನೂ ಕಾಣಲಿಲ್ಲ.

ನಂದು ಹತ್ತರಿಂದ ಐದರ ಕೆಲಸ, ಅದಕ್ಕೇ ಗಡಿಯಾರ ಒಗ್ಗಿತು. ರೈಲ್ವೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಆರಕ್ಕೆ ಏಳಿ ಅಂದರೆ ಬೈದಾರು. ತಿಂಗಳುಗಟ್ಟಲೆ ನಿದ್ದೆಯಿಲ್ಲದವರು, ಗೊರಕೆಯ ನಡುವೆ ಉಸಿರು ಕಟ್ಟುವವರು ಗಮ್ಮಿ, ಗಡಿಯಾರ ಎರಡನ್ನೂ ಬಿಟ್ಟು ಡಾಕ್ಟರನ್ನು ನೋಡಿ. ನನ್ನ ಲೆಕ್ಕಕ್ಕೆ ಒಂದೇ ಸಲದ 500 ರೂಪಾಯಿ, ತಿಂಗಳಿಗೊಮ್ಮೆ 799ಕ್ಕಿಂತ ಹಗುರ.

ಭಾನುವಾರವೂ ಆರಕ್ಕೇ ಬಡಿಯುತ್ತದೆ. ಹೆಂಡತಿ ಹೊದಿಕೆ ಎಳೆದುಕೊಂಡು ಆ ಕಡೆ ಹೊರಳುತ್ತಾಳೆ. ಅವ್ವ ಮಾತ್ರ ಇವತ್ತಿಗೂ ಅದನ್ನು ಅಡುಗೆಮನೆಯೊಳಗೆ ಬಿಟ್ಟುಕೊಂಡಿಲ್ಲ.