ಹಂಚಿನ ಮಾಡಿನ ಅಡಿಯಲ್ಲಿ 5.1.2 ಸೌಂಡ್‌ಬಾರ್: ಆ ಕೊನೆಯ 2 ಯಾರಿಗೆ?

ಎಷ್ಟು ವಾಟ್, ಯಾವ ಬ್ಲೂಟೂತ್ ಎಂಬುದೆಲ್ಲ ಪೆಟ್ಟಿಗೆಯ ಮೇಲೇ ಉಂಟು, ಅದಕ್ಕೆ ನಾನು ಹೋಗುವುದಿಲ್ಲ. ಕಳೆದ ಮಳೆಗಾಲಕ್ಕೆ ಮೊದಲು ತಂದ ಈ ಸೌಂಡ್‌ಬಾರಿನಲ್ಲಿ (ಟಿವಿಯ ಕೆಳಗೆ ಇಡುವ ಉದ್ದ ಸ್ಪೀಕರ್) ನನ್ನ ತಕರಾರು ಇರುವುದು ಒಂದೇ ಅಂಕಿಯ ಮೇಲೆ. 5.1.2ರ ಕೊನೆಯ 2.

ನಮ್ಮದು ಕಟಪಾಡಿಯ ಹಳೆ ಮನೆ. ಚಾವಡಿಗೆ ಮುಚ್ಚಿಗೆ ಇಲ್ಲ. ತಲೆ ಎತ್ತಿದರೆ ಪಕ್ಕಾಸು, ರೀಪು, ಅದರ ಮೇಲೆ ಹಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕಡೆ ಇಂಥ ಮನೆಗಳಿಗೇನೂ ಬರಗಾಲವಿಲ್ಲ. ಅಂಗಡಿಯ ಹುಡುಗ ಮಾತ್ರ "ಅಟ್ಮಾಸ್ ಉಂಟು ಸರ್, ಸೌಂಡ್ ಮೇಲಿಂದ ಬೀಳ್ತದೆ" ಎಂದನೇ ಹೊರತು ಮಾಡು ಎಂಥದ್ದು ಎಂದು ಕೇಳಲಿಲ್ಲ. (ಅಟ್ಮಾಸ್ ಎಂದರೆ ಡಾಲ್ಬಿ ಕಂಪೆನಿಯ, ತಲೆ ಮೇಲಿಂದಲೂ ಸದ್ದು ಕೇಳಿಸುವ ವಿಧಾನ.) ಅವನ ತಲೆ ಮೇಲೆ ಇದ್ದದ್ದು ಚಪ್ಪಟೆ ಫಾಲ್ಸ್ ಸೀಲಿಂಗ್. ಅಲ್ಲಿ ಬಿದ್ದದ್ದೂ ಸುಳ್ಳಲ್ಲ.

ಲೆಕ್ಕ ಇಷ್ಟೇ. ಮೊದಲ ಅಂಕಿ ಕಿವಿಯ ಮಟ್ಟದ ಚಾನೆಲ್‌ಗಳದ್ದು, ಅಂದರೆ ಬೇರೆ ಬೇರೆ ಕಡೆಯಿಂದ ಬರುವ ಸದ್ದಿನ ಸಾಲುಗಳದ್ದು: ಎಡ, ನಡು, ಬಲ, ಹಿಂದೆ ಎರಡು. ನಡುವಿನ 1 ವೂಫರ್, ದಪ್ಪ ಬೇಸ್ ಸದ್ದಿನ ಪೆಟ್ಟಿಗೆ. ಕೊನೆಯದು ಎತ್ತರದ ಚಾನೆಲ್. ಅದಕ್ಕಾಗಿ ಬಾರಿನ ಎರಡು ತುದಿಯಲ್ಲಿ ಮೇಲಕ್ಕೆ ಮುಖ ಮಾಡಿದ ಪುಟ್ಟ ಸ್ಪೀಕರ್‌ಗಳಿರುತ್ತವೆ. ಅವುಗಳ ಸದ್ದು ಸೀಲಿಂಗಿಗೆ ಹೊಡೆದು ಕೂತವರ ತಲೆ ಮೇಲೆ ಇಳಿಯಬೇಕು. ಅಂದರೆ ಸೀಲಿಂಗ್ ಚಪ್ಪಟೆ ಇರಬೇಕು, ಗಟ್ಟಿ ಇರಬೇಕು, ತೀರಾ ಎತ್ತರ ಇರಬಾರದು. ಇಳಿಜಾರು ಮಾಡಿಗೆ ಹೊಡೆದ ಸದ್ದು ಓರೆಯಾಗಿ ಬಡಿದ ಕೇರಂ ಕಾಯಿಯ ಹಾಗೆ ಬೇರೆಲ್ಲಿಗೋ ಹೋಗುತ್ತದೆ. ಪಕ್ಕಾಸು ಸ್ವಲ್ಪ ಚದುರಿಸುತ್ತದೆ, ಹಂಚಿನ ಸಂದಿಯಲ್ಲಿ ಸ್ವಲ್ಪ ಹೊರಗೇ ಹೋಗುತ್ತದೆ. ಹಟಕ್ಕೆ ಬಿದ್ದು ಎಲ್ಲವನ್ನೂ ಮುಚ್ಚಿಗೆ ಇರುವ ಒಳಕೋಣೆಗೆ ಹೊತ್ತು ಹಾಕಿ ನೋಡಿದೆ. ಹೆಲಿಕಾಪ್ಟರ್ ನೇರ ನೆತ್ತಿಯ ಮೇಲೇ ಹೋಯಿತು ಮಾರಾಯ್ರೆ! ಬಾರಿನದ್ದು ತಪ್ಪಿಲ್ಲ. ಆದರೆ ಆ 2ಕ್ಕೆಂದು ಹೆಚ್ಚು ತೆತ್ತ ದುಡ್ಡಿಗೆ ಊರ ಕೋಳಿ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜೋಡಿಸಲು ಬಂದವನದ್ದು ಇನ್ನೊಂದು ಕಥೆ. ಆಪ್ಟಿಕಲ್ ಕೇಬಲ್ ಸಿಕ್ಕಿಸಿ ಚಾ ಕುಡಿದು ಹೋದ. ಆ ಕೇಬಲ್ಲಿನಲ್ಲಿ ಸಾದಾ ಡಾಲ್ಬಿ ಡಿಜಿಟಲ್ 5.1 ಬರುತ್ತದೆ, ಅಟ್ಮಾಸ್ ಬರುವುದಿಲ್ಲ. ಅದಕ್ಕೆ ಟಿವಿಯ ಎಚ್‌ಡಿಎಂಐ ಎಆರ್‌ಸಿ ಎಂದು ಬರೆದ ತೂತೇ ಬೇಕು. ಒಟಿಟಿಯ ಅಟ್ಮಾಸ್‌ಗೆ ಅಷ್ಟು ಸಾಕು, ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ, ಅಂದರೆ ಏನೂ ಕಳೆಯದ ಸದ್ದು, ಬೇಕಾದವರು ಎಆರ್‌ಸಿಯ ಸುಧಾರಿತ ರೂಪ ಇ-ಎಆರ್‌ಸಿ ನೋಡಿ. ಕೇಬಲ್ ಬದಲಿಸಿದರೂ ಸದ್ದು ಚಪ್ಪೆ ಎನಿಸಿದರೆ ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ. ನಮ್ಮದರಲ್ಲಿ ಪಿಸಿಎಂ ಎಂದಿತ್ತು, ಬಾರಿಗೆ ಹೋಗುತ್ತಿದ್ದದ್ದು ಬರೀ ಎರಡು ಚಾನೆಲ್. ಬಂದ ಸದ್ದನ್ನು ಹಾಗೆಯೇ ಬಾರಿಗೆ ದಾಟಿಸುವ ಪಾಸ್‌ಥ್ರೂ ಮಾಡಿದ ಮೇಲೆ ಹಿಂದಿನ ಸ್ಪೀಕರ್‌ಗಳಿಗೆ ಜೀವ ಬಂತು.

ಇಷ್ಟೆಲ್ಲ ಬೈದ ಮೇಲೂ ಇದನ್ನು ವಾಪಸು ಕೊಡಲು ಮನಸ್ಸಾಗದಿರುವುದಕ್ಕೆ ಕಾರಣ ನಡುವಿನ ಸ್ಪೀಕರ್. ಅದರ ಬಗ್ಗೆ ಅಂಗಡಿಯವ ಬಾಯಿಯೇ ಬಿಟ್ಟಿರಲಿಲ್ಲ.

ಆಟಿ ತಿಂಗಳ ಮಳೆ ಹಂಚಿನ ಮೇಲೆ ಬಿದ್ದರೆ ಚಾವಡಿಯಲ್ಲಿ ಪಕ್ಕದವರ ಮಾತೂ ಕೇಳದು. ಮೊದಲೆಲ್ಲ ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತ ಬೊಬ್ಬೆ ಹೊಡೆಯುತ್ತಿತ್ತು, ಮಾತು ಅಲ್ಲೇ ಗುಣುಗುಣು. 5.1ರಲ್ಲಿ ಮಾಡಿದ ಸಿನಿಮಾಗಳಲ್ಲಿ ಸಂಭಾಷಣೆ ಹೆಚ್ಚಾಗಿ ನಡುವಿನ ಚಾನೆಲ್ಲಿನಲ್ಲೇ ಇರುತ್ತದೆ. ಅದಕ್ಕೆಂದೇ ಬೇರೆ ಸ್ಪೀಕರ್ ಇದ್ದರೆ ಅದೊಂದನ್ನೇ ಏರಿಸಬಹುದು. ಸಂಜೆ ದೀಪ ಇಟ್ಟು ಅಮ್ಮ ಕುರ್ಚಿಗೆ ಬಂದರೆ ನನ್ನ ಕೈ ತನ್ನಷ್ಟಕ್ಕೆ ರಿಮೋಟಿಗೆ ಹೋಗುತ್ತದೆ: ಸೆಂಟರ್ ಎರಡು ಮೇಲೆ, ವೂಫರ್ ಮೂರು ಕೆಳಗೆ. ಆಮೇಲೆ ಯೂಟ್ಯೂಬಿನಲ್ಲಿ ಹಳೆಯ ಯಕ್ಷಗಾನ. ಆ ಮೊನೊ ರೆಕಾರ್ಡಿಂಗುಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸದ್ದು ಇರುವುದರಿಂದ ಸರೌಂಡ್ ಮೋಡಿನಲ್ಲಿ ಬಾರ್ ಅದನ್ನು ನಡುವಿಗೇ ತಂದು ಹಾಕುತ್ತದೆ. ಭಾಗವತರ ಸ್ವರ ಪರದೆಯ ಮಧ್ಯದಿಂದಲೇ ಬಂದ ಹಾಗೆ. ಚೆಂಡೆ ಏರಿದಾಗಲೂ ಪದ ಅಕ್ಷರಕ್ಷರ ಬಿಡಿಸಿ ಕೇಳುತ್ತದೆ. "ಈಗ ಅರ್ಥ ಆಗ್ತದೆ ಮಗಾ" ಎಂದರು ಅಮ್ಮ. ಅವರಿಂದ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಸಿಗುವುದಿಲ್ಲ.

ವೂಫರನ್ನು ಮೂಲೆಗೆ ತಳ್ಳಬೇಡಿ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ನಮ್ಮಲ್ಲಿ ಗಾಜಿನ ಕಪಾಟಿನ ಸ್ಟೀಲ್ ಬಟ್ಟಲುಗಳು ಕಿಣಿಕಿಣಿ ಎನ್ನುತ್ತಿದ್ದವು. ಹಿಂದಿನ ಸ್ಪೀಕರ್‌ಗಳಿಗೆ ವೈರ್‌ಲೆಸ್ ಎಂದು ಹೆಸರು, ಆದರೆ ಒಂದೊಂದಕ್ಕೂ ಪ್ಲಗ್ ಪಾಯಿಂಟ್ ಬೇಕು. ನಮ್ಮ ಊರಿನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಎಳೆಯುವ ಕ್ರಮ ನಿಮಗೆ ಗೊತ್ತೇ ಉಂಟಲ್ಲ. ಟಿವಿ, ಬಾರ್, ವೂಫರ್, ಆ ಇಬ್ಬರು ಹಿಂದಿನವರು ಎಂದು ಓಡಿ ಓಡಿ ಎಳೆಯುವಷ್ಟರಲ್ಲಿ ಮಿಂಚು ಬಂದು ಹೋಗಿರುತ್ತದೆ.

ಆರ್‌ಸಿಸಿ ಮನೆಯವರು 5.1.2 ತೆಗೆದುಕೊಳ್ಳಿ, ಖುಷಿಪಡಿ. ಹಂಚಿನ ಮನೆಯವರಿಗೆ 5.1 ಧಾರಾಳ, ದುಡ್ಡು ಬಿಗಿ ಇದ್ದರೆ 3.1. ಬರೀ 2.1 ಬೇಡ, ಅದರಲ್ಲಿ ನಡುವಿನದ್ದೇ ಇಲ್ಲ. ಒಂದೇ ಉದ್ದ ಬಾರಿಗೆ ವರ್ಚುವಲ್ 5.1 ಎಂದು ಬರೆದಿದ್ದರೆ ಒಳಗೆ ನಿಜವಾಗಿ ಎಷ್ಟು ಸ್ಪೀಕರ್ ಉಂಟು ಎಂದು ಕೇಳಿ, ಉತ್ತರ ಬರುವವರೆಗೆ ಪರ್ಸ್ ತೆಗೆಯಬೇಡಿ. ನನ್ನ ಕಡೆಯಿಂದ ಐದಕ್ಕೆ ಮೂರೂವರೆ ನಕ್ಷತ್ರ. ಅಮ್ಮ ಐದು ಕೊಡು ಎನ್ನುತ್ತಿದ್ದಾರೆ, ಬಿಲ್ ಅವರಿಗೆ ತೋರಿಸಿಲ್ಲ.